ತಾಯಿಯ ಮೇಲಿನ ಅಪವಾದ

ಮಾತಿಲ್ಲದೆ ತನ್ನೊಳಗೇ ಮುಳುಗಿರುವ ಮಗುವನ್ನು ಕಂಡರೆ ಲೋಕವು ಮೊದಲು ದೂರುವುದು ಹೆತ್ತವಳನ್ನೇ. ೧೯೪೩ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ೧೧ ಮಕ್ಕಳಲ್ಲಿ ಆಟಿಸಮ್ ಸ್ಥಿತಿಯನ್ನು ವರ್ಣಿಸಿದರು. ತಾಯಿಯ ಮಮತೆಯ ಕೊರತೆಯೇ ಇದಕ್ಕೆ ಕಾರಣವೆಂದು ಆಮೇಲೆ ಹಲವು ಪಂಡಿತರು ಸಾರಿದರು. ಇಂಥ ಮಗುವಿನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ ೧೯೬೪ರಲ್ಲಿ ಆ ಮಾತನ್ನು ಖಂಡಿಸಿ, ದೋಷದ ಮೂಲ ಮಿದುಳಿನಲ್ಲಿದೆಯೆಂದು ವಾದಿಸಿದರು. ೧೯೭೭ರ ಅವಳಿಗಳ ಅಧ್ಯಯನವು ಆನುವಂಶಿಕತೆಯ ಪಾತ್ರವನ್ನು ತೋರಿಸಿಕೊಟ್ಟಿತು: ೧೧ ಏಕರೂಪ ಜೋಡಿಗಳಲ್ಲಿ ೪ರಲ್ಲಿ ಇಬ್ಬರಿಗೂ ಆಟಿಸಮ್, ೧೦ ಭಿನ್ನರೂಪ ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ.

ಆದರೆ ಮದ್ದು? ೧೯೯೮ರಲ್ಲಿ ಸಿಕ್ರೆಟಿನ್ ಎಂಬ ಕರುಳಿನ ಹಾರ್ಮೋನು ಆಸೆ ಹುಟ್ಟಿಸಿತು. ಮರುವರ್ಷ ೬೦ ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದರ ಚುಚ್ಚುಮದ್ದು ಬರಿಯ ಉಪ್ಪುನೀರಿಗಿಂತ ಮೇಲೆನಿಸಲಿಲ್ಲ. ಒಂದೊಂದೇ ಮಾತನ್ನು ತಾಳ್ಮೆಯಿಂದ ಕಲಿಸುವುದೇ ಇಂದಿಗೂ ಉಳಿದಿರುವ ದಾರಿ. ಆ ದಾರಿಯಲ್ಲಿ ಮಗುವಿನ ಕೈಹಿಡಿದು ನಡೆಯುವವಳು, ಅಂದು ಅಪವಾದ ಹೊತ್ತ ಆ ತಾಯಿಯೇ.