ಉಸಿರು ಹೇಳುವ ಲಿವರಿನ ಲೆಕ್ಕ

ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಕುಡಿದ ಬೆಳಗಿನ ಚಾ, ಬಸ್ಸು ಕಾರವಾರ ಮುಟ್ಟುವಷ್ಟರಲ್ಲಿ ಎಲ್ಲಿರುತ್ತದೆ ಗೊತ್ತೇ? ಅದರ ಕೆಫೀನ್ ರಕ್ತಕ್ಕಿಳಿದು ಲಿವರಿನ ಕೈಗೆ ಸಿಕ್ಕಾಗಿರುತ್ತದೆ! ಸಿವೈಪಿ 1ಎ2 ಎಂಬ ಕಿಣ್ವ ಅದರ ಮೀಥೈಲ್ ತುಣುಕುಗಳನ್ನು ಕತ್ತರಿಸಲು ಶುರುಮಾಡಿರುತ್ತದೆ. ಆರೋಗ್ಯವಂತರಲ್ಲಿ ಸುಮಾರು 5 ಗಂಟೆಗೆ ಅರ್ಧ ಕೆಫೀನ್ ಖಾಲಿ. ಸಿರೋಸಿಸ್ ಬಲಿತು ಲಿವರ್ ಗಂಟುಗಂಟಾದವರಲ್ಲಿ ಅದೇ ಅರ್ಧ ಕರಗಲು ಇಡೀ ದಿನ ಹಿಡಿಯಬಹುದು, ಅದಕ್ಕೂ ಹೆಚ್ಚಾಗಬಹುದು! ನಿನ್ನೆಯ ಚಾ ಇವತ್ತಿನ ಉಗುಳಿನಲ್ಲೂ ಸಿಗುತ್ತದೆ. ಉಗುಳಿನ ಕೆಫೀನ್ ಅಳೆದು ಲಿವರ್ ಎಷ್ಟು ದುಡಿಯುತ್ತಿದೆ ಎಂದು ಹೇಳಬಹುದು ಎಂದರೆ!

ರಕ್ತಪರೀಕ್ಷೆಯ ವರದಿಯಲ್ಲಿ ನಾವು ಗಾಬರಿಯಿಂದ ಓದುವ ಎಸ್‌ಜಿಪಿಟಿ ಇದನ್ನು ಹೇಳುವುದಿಲ್ಲ. ಅದು ಜೀವಕೋಶಗಳು ಜಖಂ ಆಗುತ್ತಿರುವುದರ ಲೆಕ್ಕ. ಉಳಿದವು ಎಷ್ಟು ದುಡಿಯುತ್ತಿವೆ ಎಂಬುದರದ್ದಲ್ಲ. ಸಿರೋಸಿಸ್ ಇದ್ದೂ ಎಸ್‌ಜಿಪಿಟಿ ನಾರ್ಮಲ್ ಬರಬಹುದು, ಮನುಷ್ಯ ಓಡಾಡಿಕೊಂಡೇ ಇರಬಹುದು. ಅದಕ್ಕೇ ಲಿವರಿಗೆ ಒಂದು ಔಷಧ ಕೊಟ್ಟು ‘ಮಾಡಿ ತೋರಿಸು’ ಎನ್ನುವ ಈ ಉಪಾಯ ನನಗೆ ಅಷ್ಟು ಹಿಡಿಸಿದ್ದು.

ಮೆಥಾಸಿಟಿನ್ ಉಸಿರು ಪರೀಕ್ಷೆಯನ್ನೇ ನೋಡಿ. ಆ ಅಣುವಿನ ತುದಿಯಲ್ಲಿ ಮಾಮೂಲಿ ಇಂಗಾಲದ ಜಾಗಕ್ಕೆ ಇಂಗಾಲ-13 ಕೂರಿಸಿರುತ್ತಾರೆ. ಒಂದು ನ್ಯೂಟ್ರಾನ್ ಹೆಚ್ಚು, ಅಷ್ಟೇ, ವಿಕಿರಣದ ಸೋಂಕಿಲ್ಲ. ಖಾಲಿ ಹೊಟ್ಟೆಯ ರೋಗಿ ಮೊದಲೊಮ್ಮೆ ಚೀಲಕ್ಕೆ ಊದುತ್ತಾನೆ. ಔಷಧ ಕುಡಿದು, ಕೂತಲ್ಲೇ ಕೂತು ಮತ್ತೆ ಮತ್ತೆ ಊದುತ್ತಾನೆ. ಒಳಗೆ ಅದೇ ಸಿವೈಪಿ 1ಎ2 ಆ ತುದಿಯನ್ನು ಕತ್ತರಿಸುತ್ತದೆ. ಉಳಿದ ಭಾಗ ಏನಾಗುತ್ತದೆ? ನಮ್ಮ ಜ್ವರದ ಮಾತ್ರೆಯ ಪ್ಯಾರಾಸಿಟಮಾಲ್! ಕತ್ತರಿಸಿದ ತುಂಡು ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶ ಸೇರಿ, ಉಸಿರಿನ ಜೊತೆ ಚೀಲಕ್ಕೆ ಬಂದು ಬೀಳುತ್ತದೆ. ನಿಸರ್ಗದ ಇಂಗಾಲದಲ್ಲಿ ಈ ಬಗೆಯದು ಶೇ. 1.1ರಷ್ಟು ಮಾತ್ರ. ಅದರ ಮೇಲಿನ ಕೂದಲೆಳೆಯ ಏರಿಕೆಯನ್ನೂ ಯಂತ್ರ ಹಿಡಿಯುತ್ತದೆ. ಏರಿಕೆ ಬೇಗ ಕಂಡರೆ ಲಿವರಿಗೆ ಕಸುವಿದೆ, ನಿಧಾನವಾದರೆ ಸೋತಿದೆ. ಸೂಜಿ ಚುಚ್ಚದೆ, ಲಿವರಿನ ಚೂರು ತೆಗೆಯದೆ!

ಬೀಡಿ ಸೇದುವವರಲ್ಲಿ ಮಾತ್ರ ಎಚ್ಚರ ಬೇಕು. ಹೊಗೆ ಈ ಕಿಣ್ವವನ್ನು ಹೆಚ್ಚಿಸುವುದರಿಂದ ಸೋತ ಲಿವರೂ ಗಟ್ಟಿಯಾಗಿ ಕಂಡೀತು. ಪರೀಕ್ಷೆ ಇನ್ನೂ ಎಲ್ಲ ಆಸ್ಪತ್ರೆಗಳ ನಿತ್ಯದ ಬಳಕೆಗೆ ಬಂದಿಲ್ಲ.

ಬರಬೇಕು! ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ, ಹಾಲಕ್ಕಿ ಸಮುದಾಯದ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಪಡೆದ ಅಜ್ಜಿ, ಕುಡಿತಕ್ಕೆ ತನ್ನವರನ್ನೇ ಕಳೆದುಕೊಂಡು ಸಾರಾಯಿ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿದ ಸೀಮೆ ಇದು. ಕುಡಿತವೊಂದೇ ಅಲ್ಲ, ಹೆಪಟೈಟಿಸ್ ಬಿ, ಸಿ, ಕೊಬ್ಬು ತುಂಬಿದ ಲಿವರ್ ಎಲ್ಲವೂ ಸಿರೋಸಿಸ್ ತರುತ್ತವೆ. ದೊಡ್ಡ ಕಾಯಿಲೆ ಎಂದರೆ ಇಲ್ಲಿಯವರು ಮಣಿಪಾಲಕ್ಕೋ ಗೋವಾಕ್ಕೋ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಜಿಲ್ಲೆ ಬಹುಕಾಲದಿಂದ ಕೂಗುತ್ತಿದೆ. ಈ ಪರೀಕ್ಷೆಯಲ್ಲೋ, ಊದಿದ ಉಸಿರನ್ನು ಬಿಗಿಯಾಗಿ ಮುಚ್ಚಿದ ಟ್ಯೂಬಿನಲ್ಲಿ ದೂರದ ಲ್ಯಾಬಿಗೆ ಕಳಿಸಬಹುದು. ರೋಗಿ ಕಾರವಾರದಲ್ಲೇ ಊದಿ, ಮಧ್ಯಾಹ್ನದ ಊಟಕ್ಕೆ ಅಂಕೋಲೆಯ ಮನೆಗೆ ಹೋಗಬಹುದು!