ಮ್ಯಾಂಡೊಲಿನ್: ಕೊಳ್ಳುವ ಮುನ್ನ, ಕೈಗೆತ್ತಿಕೊಂಡ ಮೇಲೆ

ಕೆಲವು ವರ್ಷಗಳ ಹಿಂದೆ ನಮ್ಮ ತಮ್ಮನ ಮೊಮ್ಮಗನು ತನಗೆ ಮ್ಯಾಂಡೊಲಿನ್ನೇ ಬೇಕೆಂದು ಹಟ ಹಿಡಿದನು. ಮನೆಯಲ್ಲಿ ಸಂಗೀತ ಬಲ್ಲವನು ನಾನೊಬ್ಬನೇ ಎಂಬ ನಂಬಿಕೆಯಿಂದ ಕೊಳ್ಳುವ ಹೊಣೆ ನನ್ನ ಮೇಲೆ ಬಿದ್ದಿತು. ಮಠದ ಪಾಠಶಾಲೆಯಲ್ಲಿ ಹಾರ್ಮೋನಿಯಂ, ತಂಬೂರಿಗಳ ನಡುವೆ ಬೆಳೆದ ನನಗೆ ಈ ವಾದ್ಯದ ಪರಿಚಯ ಕಿವಿಯಿಂದ ಮಾತ್ರ ಆಗಿದ್ದಿತು. ಅಂಗಡಿಯಲ್ಲಿ ತೂಗುಹಾಕಿದ್ದವುಗಳ ಪೈಕಿ ಹೊಳೆಯುವ ಕೆಂಪು ಬಣ್ಣದ, ಕೊರಳಿನ ಬುಡದಲ್ಲಿ ಸುರುಳಿಯಿದ್ದ ಒಂದನ್ನು ಆರಿಸಿ ತಂದೆನು. ಎರಡು ತಿಂಗಳೊಳಗೆ ಹುಡುಗನ ಬೆರಳ ತುದಿಗಳು ಒಡೆದವು. ಏನು ನುಡಿಸಿದರೂ ಮೇಲಿನ ಸ್ವರಗಳು ಅಪಸ್ವರವಾಗಿಯೇ ಕೇಳುತ್ತಿದ್ದವು. ಸಂಗೀತ ತನಗೆ ಒಲಿಯದೆಂದು ತೀರ್ಮಾನಿಸಿ ಅವನು ಅದನ್ನು ಅಟ್ಟಕ್ಕೆ ಸೇರಿಸಿದನು. ದೋಷ ಅವನದಲ್ಲ, ನನ್ನದೆಂಬುದು ಬಹಳ ತಡವಾಗಿ ತಿಳಿಯಿತು. ಅಂಥ ತಪ್ಪು ಓದುಗ ಬಂಧುಗಳ ಮನೆಯಲ್ಲಿ ಆಗದಿರಲೆಂದು ಈ ಬರೆಹ.

ಮ್ಯಾಂಡೊಲಿನ್ ಇಟಲಿ ದೇಶದ ವಾದ್ಯ. ಮಂಡೋಲಾ ಎಂಬ ದೊಡ್ಡ ವಾದ್ಯದ ಹೆಸರಿಗೆ ಕಿರಿದೆಂಬ ಅರ್ಥದ ಪ್ರತ್ಯಯ ಸೇರಿ ಈ ಹೆಸರು ಬಂದಿತು. ನೇಪಲ್ಸ್ ನಗರದಲ್ಲಿ ೧೮ನೆಯ ಶತಮಾನದಲ್ಲಿ ರೂಪುಗೊಂಡ ಮ್ಯಾಂಡೊಲಿನ್ನಿನ ಬೆನ್ನು ಬಟ್ಟಲಿನಂತೆ ಉಬ್ಬಿರುತ್ತದೆ. ಮುಂದೆ ಅಮೆರಿಕದ ಆರ್ವಿಲ್ ಗಿಬ್ಸನ್ ಎಂಬುವನು ಪಿಟೀಲಿನ ಮಾದರಿಯಲ್ಲಿ ಮುಖ, ಬೆನ್ನುಗಳನ್ನು ಕೆತ್ತಿ ಮಾಡುವ ವಿಧಾನಕ್ಕೆ ೧೮೯೮ರಲ್ಲಿ ಹಕ್ಕುಪತ್ರ ಪಡೆದನು. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಸಂತತಿಯೇ. ಅದರಲ್ಲಿ ‘ಎ’ ಎಂದು ಕರೆಯುವ ಸಾದಾ ಆಕಾರದ್ದು ಒಂದು, ಸುರುಳಿ ಮತ್ತು ಮೊನೆಗಳಿರುವ ‘ಎಫ್’ ಆಕಾರದ್ದು ಇನ್ನೊಂದು. ಸುರುಳಿ ಕಣ್ಣಿಗೆ ಹಬ್ಬ. ನಾದಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಆ ಕೆತ್ತನೆಯ ಕೂಲಿಯೂ ಬೆಲೆಯಲ್ಲಿ ಸೇರುವುದರಿಂದ, ಅದೇ ಹಣಕ್ಕೆ ಸಾದಾ ಆಕಾರದಲ್ಲಿ ಉತ್ತಮ ಮರದ ವಾದ್ಯವೇ ದೊರೆಯುತ್ತದೆ. ಬಟ್ಟಲು ಬೆನ್ನಿನದು ತೊಡೆಯ ಮೇಲೆ ಜಾರುವುದರಿಂದ ಮಕ್ಕಳಿಗೆ ತಕ್ಕುದಲ್ಲ.

ಮರದ ವಿಚಾರದಲ್ಲಿ ಮುಖದ ಹಲಗೆಯೇ ಮುಖ್ಯ. ಅದು ಇಡಿಯ ಮರದ್ದೋ ಪ್ಲೈವುಡ್ಡಿನದೋ ಎಂಬುದನ್ನು ನಾದರಂಧ್ರದ ಅಂಚಿನಲ್ಲಿ ನೋಡಬೇಕು. ಮೇಲಿನ ಗೆರೆಗಳು ಅಂಚಿನ ದಪ್ಪದಲ್ಲಿಯೂ ಮುಂದುವರಿದಿದ್ದರೆ ಇಡಿಯ ಮರ. ಪದರಗಳು ಕಂಡರೆ ಪ್ಲೈವುಡ್. ಕಲಿಯುವವರಿಗೆ ಪ್ಲೈವುಡ್ಡಿನದು ಸಾಲದೆಂದಲ್ಲ. ಆದರೆ ಮುಂದೆ ಹೇಳುವ ಪರೀಕ್ಷೆಗಳಲ್ಲಿ ಸೋತದ್ದನ್ನು ಎಂಥ ಮರದ್ದಾದರೂ ತರಬಾರದು.

ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕೊರಳು ನೆಟ್ಟಗಿದೆಯೇ ಎಂದು ನೋಡಿರಿ. ಬಳಿಕ ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಗಮನಿಸಿರಿ. ಒಂದೂವರೆ ಮಿಲಿಮೀಟರಿನ ಸುಮಾರಿನಲ್ಲಿದ್ದರೆ ಚೆನ್ನ. ಮೂರು ಮಿಲಿಮೀಟರಿದ್ದರೆ ಮಗುವಿನ ಬೆರಳಿಗೆ ಅದು ಶಿಕ್ಷೆ. ಎಲ್ಲಕ್ಕಿಂತ ಮುಖ್ಯವಾದುದು ಕುದುರೆ. ಮ್ಯಾಂಡೊಲಿನ್ನಿನಲ್ಲಿ ಅದನ್ನು ಅಂಟಿಸಿರುವುದಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಕೈ ತಗುಲಿದರೂ ಅದು ಸರಿಯಬಹುದು. ತಲೆಯ ಕಡೆಯ ಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಅಷ್ಟೇ, ಅಥವಾ ಕೂದಲೆಳೆಯಷ್ಟು ಹೆಚ್ಚು ದೂರವಿರಬೇಕು. ಒಂದು ನೂಲನ್ನು ಹಿಡಿದು ಅಳೆದರೆ ಸಾಕು. ಕಿವಿಯ ಪರೀಕ್ಷೆಯೂ ಉಂಟು: ಬಿಟ್ಟ ತಂತಿಯ ಸ್ವರಕ್ಕೂ ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದ ಸ್ವರಕ್ಕೂ ಸರಿಯಾಗಿ ಒಂದು ಸ್ಥಾಯಿಯ ಅಂತರವಿರತಕ್ಕದ್ದು.

ಸಲಕರಣೆಗಳ ವಿಚಾರ ಅಲ್ಪದಲ್ಲಿ ಹೇಳಬಹುದು. ಮೀಟುವ ಬಿಲ್ಲೆ ಒಂದು ಮಿಲಿಮೀಟರಿಗೆ ಕಡಿಮೆಯಿಲ್ಲದ ದಪ್ಪದ್ದಿರಲಿ. ತೆಳುವಾದುದು ಜೋಡಿ ತಂತಿಗಳ ಮುಂದೆ ಬಾಗಿಬಿಡುತ್ತದೆ. ಶ್ರುತಿ ನೋಡುವ ಚಿಕ್ಕ ಟ್ಯೂನರ್, ಗಟ್ಟಿಯಾದ ಪೆಟ್ಟಿಗೆ, ಒಂದು ಹತ್ತಿಬಟ್ಟೆ, ಇಷ್ಟು ಸಾಕು. ತಂತಿ ಕೊಳ್ಳುವಾಗ ಕೊನೆಯಲ್ಲಿ ಕುಣಿಕೆಯಿರುವುದನ್ನೇ ಕೇಳಬೇಕು. ಗಿಟಾರಿನ ಗುಂಡು ತುದಿಯ ತಂತಿ ಬಹುಮಟ್ಟಿಗೆ ಇದಕ್ಕೆ ಹೊಂದುವುದಿಲ್ಲ. ಹಳೆಯ ಬಟ್ಟಲು ಬೆನ್ನಿನ ವಾದ್ಯಕ್ಕೆ ದಪ್ಪ ತಂತಿ ಹಾಕಿದರೆ ಅದರ ಮುಖವೇ ಕುಸಿಯಬಹುದು. ನಮ್ಮ ಮನೆಗಳಲ್ಲಿ ಮರದ ಸಾಮಾನೆಂದರೆ ಕೊಬ್ಬರಿ ಎಣ್ಣೆ ಸವರುವ ರೂಢಿಯುಂಟು. ದಯವಿಟ್ಟು ಇಲ್ಲಿ ಅದು ಬೇಡ.

ಇದರ ಶ್ರುತಿ ಪಿಟೀಲಿನದೇ. ನಾಲ್ಕು ಜೋಡಿಗಳಲ್ಲಿ ಪ್ರತಿಯೊಂದೂ ತನ್ನ ಕೆಳಗಿನದಕ್ಕೆ ಪಂಚಮವಾಗಿ ನಿಲ್ಲುತ್ತದೆ. ಒಂದನ್ನು ಷಡ್ಜವೆಂದು ಹಿಡಿದರೆ ಪಕ್ಕದ್ದು ತಾನಾಗಿ ಪಂಚಮ. ನಮ್ಮ ಸಂಗೀತ ಕಲಿತವರಿಗೆ ಇದು ವರವೇ ಸರಿ. ನಾದ ಬೇಗನೆ ಆರುವುದರಿಂದ ದೀರ್ಘಸ್ವರಕ್ಕೆ ಬಿಲ್ಲೆಯನ್ನು ಮೇಲೂ ಕೆಳಗೂ ಒಂದೇ ಸಮನೆ ಆಡಿಸುತ್ತಾರೆ. ಇದು ತೋಳಿನ ಬಲದಿಂದಲ್ಲ, ಸಡಿಲವಾದ ಮಣಿಕಟ್ಟಿನಿಂದ ಬರಬೇಕು. ಎಡಗೈ ಬೆರಳು ಮೆಟ್ಟಿಲಿಗೆ ತೀರ ಸಮೀಪದಲ್ಲಿ, ಅದರ ಹಿಂದೆ ಒತ್ತಬೇಕು.

ತೊಡಕು ಗಮಕದಲ್ಲಿ. ಜೋಡಿ ತಂತಿಗಳನ್ನು ಪಕ್ಕಕ್ಕೆ ಎಳೆದರೆ ಎರಡೂ ಸಮನಾಗಿ ಏರದೆ ನಾದ ಒಡೆಯುತ್ತದೆ. ಇದಕ್ಕೆ ದಾರಿ ಕಂಡವರು ಯು. ಶ್ರೀನಿವಾಸ್. ಆಂಧ್ರದ ಪಾಲಕೊಲ್ಲುವಿನಲ್ಲಿ ೧೯೬೯ರಲ್ಲಿ ಹುಟ್ಟಿದ ಅವರಿಗೆ ಗುರು ರುದ್ರರಾಜು ಸುಬ್ಬರಾಜು ಅವರು ಹಾಡಿ ಹೇಳಿಕೊಟ್ಟರು. ಗುರುಗಳಿಗೆ ಈ ವಾದ್ಯ ಬಾರದು. ಹಾಡಿದ್ದನ್ನು ತಂತಿಯ ಮೇಲೆ ತರುವ ಬಗೆಯನ್ನು ಬಾಲಕನೇ ಹುಡುಕಿಕೊಳ್ಳಬೇಕಾಯಿತು. ಅವರು ಜೋಡಿಗಳನ್ನು ತೆಗೆದು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನನ್ನು ಬಳಸಿದರು. ೧೯೯೮ರಲ್ಲಿ ಪದ್ಮಶ್ರೀ ಪಡೆದ ಆ ಮಹನೀಯರು ೨೦೧೪ರಲ್ಲಿ, ೪೫ರ ವಯಸ್ಸಿನಲ್ಲಿಯೇ ತೀರಿಕೊಂಡರು. ಆದುದರಿಂದ ಮಗು ಭಾವಗೀತೆ, ಚಿತ್ರಗೀತೆಗಳನ್ನು ನುಡಿಸಬಯಸಿದರೆ ಎಂಟು ತಂತಿಯದೂ, ಕರ್ನಾಟಕ ಸಂಗೀತವನ್ನು ಕಲಿಯಬಯಸಿದರೆ ಒಂಟಿ ತಂತಿಯ ವಿದ್ಯುತ್ ವಾದ್ಯವೂ ತಕ್ಕುದು. ಎರಡನೆಯದಕ್ಕೆ ಆಂಪ್ಲಿಫೈಯರಿನ ಖರ್ಚು ಬೇರೆ. ಗುರುಗಳು ಯಾರೆಂಬುದನ್ನು ಮೊದಲು ನಿಶ್ಚಯಿಸಿ ಬಳಿಕವೇ ಅಂಗಡಿಗೆ ಹೋಗುವುದು ಲೇಸು.

ನಮ್ಮ ಅಟ್ಟದ ವಾದ್ಯವನ್ನು ಪಿಟೀಲು ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದಾಗ, ಕುದುರೆ ಅರ್ಧ ಬೆರಳಿನಷ್ಟು ಸರಿದಿರುವುದೂ ತಂತಿಗಳು ಬಹಳ ಎತ್ತರವಿರುವುದೂ ಬೆಳಕಿಗೆ ಬಂದಿತು. ಸರಿಪಡಿಸಲು ಅವರಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹುಡುಗನು ಆ ವೇಳೆಗೆ ಕಾಲೇಜಿಗೆಂದು ಊರು ಬಿಟ್ಟಿದ್ದನು; ಮತ್ತೆ ಅದನ್ನು ಮುಟ್ಟಲಿಲ್ಲ. ಅವನ ತಂಗಿ ಈಗ ನುಡಿಸುತ್ತಾಳೆ. ತಂತಿ ಬದಲಿಸುವಾಗ ಎಲ್ಲವನ್ನೂ ಒಮ್ಮೆಗೇ ಬಿಚ್ಚದೆ, ಒಂದನ್ನು ಬಿಚ್ಚಿ ಅದರ ಜಾಗಕ್ಕೆ ಹೊಸದನ್ನು ಬಿಗಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕುತ್ತಾಳೆ; ಕುದುರೆಯ ಪಾದಗಳ ಸುತ್ತ ಪೆನ್ಸಿಲಿನಿಂದ ಸಣ್ಣ ಗುರುತನ್ನೂ ಹಾಕಿಟ್ಟಿದ್ದಾಳೆ.