ಬೆಳಿಗ್ಗೆ ಮಾತ್ರ ಮುನಿಯುವ ಬೈಕ್

ಮಾಗಿಯ ಚಳಿ ಬಂತೆಂದರೆ ಮಡಿಕೇರಿ, ಚಿಕ್ಕಮಗಳೂರು, ಬೀದರ್ ಕಡೆಯ ಓಣಿಗಳಲ್ಲಿ ಬೆಳಗಾಗುವುದೇ ಕಿಕ್ ಹೊಡೆಯುವ ಸದ್ದಿನಿಂದ. ಎಂಟಕ್ಕೆ ಲ್ಯಾಬ್, ಹತ್ತಕ್ಕೆ ಇಂಟರ್‌ವ್ಯೂ. ಅಪ್ಪನಿಂದ ಬಂದ ಹಳೆಯ ಬೈಕ್ ಮಾತ್ರ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಬಿಸಿಲೇರಿರುತ್ತದೆ. ಅಲ್ಲಿ ಒಂದೇ ಕಿಕ್‌ಗೆ ಶುರು! ಆಮೇಲೆ ಬರೀ ಊಹೆಯ ಮೇಲೆ ಪ್ಲಗ್, ಬ್ಯಾಟರಿ, ಕಾರ್ಬುರೇಟರ್ ಒಂದೊಂದಾಗಿ ಬದಲಾಗುತ್ತವೆ. ಕೆಲಸ ಹುಡುಕುತ್ತಿರುವವರ ಜೇಬಿಗೆ ಇದು ಸಣ್ಣ ಪೆಟ್ಟಲ್ಲ.

ಆದರೆ ‘ತಣ್ಣಗಿದ್ದಾಗ ಮಾತ್ರ ಸ್ಟಾರ್ಟ್ ಆಗಲ್ಲ’ ಎಂಬ ಮಾತಿನಲ್ಲೇ ಅರ್ಧ ಉತ್ತರವಿದೆ. ಚಳಿಯಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ. ಕಿಡಿಗೆ ಹೊತ್ತಿಕೊಳ್ಳುವುದು ಆವಿಯೇ ಹೊರತು ಹನಿಯಲ್ಲ. ಹಾಗಾಗಿ ತಣ್ಣಗಿನ ಎಂಜಿನ್‌ಗೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಬೇಕು. ಕಾರ್ಬುರೇಟರ್ ಬೈಕ್‌ಗಳಲ್ಲಿ ಈ ಕೆಲಸ ಮಾಡುವುದು ಚೋಕ್.

ಕಾಸು ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಟ್ಯಾಂಕಿನ ಕಾಕ್ ಆನ್ ಇದೆಯೇ, ಕಿಲ್ ಸ್ವಿಚ್ ಯಾರಾದರೂ ಒತ್ತಿದ್ದಾರೆಯೇ ನೋಡಿ. ಚೋಕ್ ಪೂರ್ತಿ ಎಳೆದು, ಆ್ಯಕ್ಸಿಲರೇಟರ್ ತಿರುಗಿಸದೆ ಕಿಕ್ ಹೊಡೆಯಿರಿ. ಸ್ಟಾರ್ಟ್ ಆಗಿ ಕೆಲವು ನಿಮಿಷ ಓಡಿದ ಮೇಲೂ ಚೋಕ್ ತೆಗೆದ ಕೂಡಲೇ ಆಫ್ ಆಗುತ್ತಿದ್ದರೆ ಕಾರ್ಬುರೇಟರಿನ ಪೈಲಟ್ ಜೆಟ್‌ನಲ್ಲಿ ಕಸ ಕಟ್ಟಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಕ್ಲೀನಿಂಗ್ ಸಾಕು, ಹೊಸ ಕಾರ್ಬುರೇಟರ್ ಬೇಡ.

ಹತ್ತು ಕಿಕ್‌ಗೂ ಜಗ್ಗದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ಎಂಜಿನ್‌ವರೆಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಂಡಿಲ್ಲ. ಒರೆಸಿ, ಒಣಗಿಸಿ ಹಾಕಿ, ಆಗಲೂ ಆಗದಿದ್ದರೆ ಹೊಸ ಪ್ಲಗ್ ಪ್ರಯತ್ನಿಸಿ. ಕಪ್ಪು ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕೊಳೆಯಾಗಿದೆಯೇ ನೋಡಿ.

ಕಿಕ್‌ಗೆ ಶುರುವಾಗುವ ಬೈಕ್ ಸೆಲ್ಫ್‌ಗೆ ಆಗುತ್ತಿಲ್ಲವೇ? ಆಗ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಚಳಿಗೆ ಅದರ ಶಕ್ತಿ ಕುಂದುತ್ತದೆ, ಹಾರ್ನ್ ದನಿಯೂ ಕುಗ್ಗುತ್ತದೆ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿಯನ್ನು ಮೀಟರ್‌ನಲ್ಲಿ ನೋಡಿದರೆ ಸುಮಾರು 12.6 ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಹೊಸದರ ಮಾತು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ನಂತರದ ಬಹುತೇಕ ಬೈಕ್‌ಗಳಲ್ಲಿ ಫ್ಯೂಯೆಲ್ ಇಂಜೆಕ್ಷನ್ ಇದೆ, ಚೋಕ್ ಇಲ್ಲ. ಕೀ ತಿರುಗಿಸಿದಾಗ ಪಂಪ್ ಒಂದೆರಡು ಕ್ಷಣ ಗುಂಯ್‌ಗುಡುತ್ತದೆ. ಆ ಸದ್ದು ನಿಂತ ಮೇಲೆ ಬಟನ್ ಒತ್ತಿ. ಎಂಜಿನ್ ಲೈಟ್ ಆರದೇ ಉಳಿದರೆ ಸ್ಕ್ಯಾನರ್ ಇರುವಲ್ಲಿಗೇ ಒಯ್ಯಿರಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತು ಎಂದು ಗೊತ್ತಾಗುವುದೇ ಇಲ್ಲ. ಮೆಕ್ಯಾನಿಕ್‌ಗೆ ‘ಸ್ಟಾರ್ಟ್ ಆಗ್ತಿಲ್ಲ’ ಎನ್ನುವ ಬದಲು ‘ಚೋಕ್ ಹಾಕಿದರೂ ಆಗಲ್ಲ, ಪ್ಲಗ್ ಒಣಗಿತ್ತು, ಮಧ್ಯಾಹ್ನ ಸರಿ ಇರುತ್ತೆ’ ಎನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಬೈಕನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ಬೆಳಗಿನ ಕಾಯಿಲೆಯನ್ನು ಮೆಕ್ಯಾನಿಕ್ ಕೂಡ ಬೆಳಿಗ್ಗೆಯೇ ನೋಡಬೇಕಲ್ಲವೇ?